ರಜಿಯಾ ಬೇಗಂ ಮನೆಯ ಅನ್ನ

ರಾಯಚೂರಿನ ಕೋಟೆಯೊಳಗಿನ ಓಣಿಯಲ್ಲಿ ರಜಿಯಾ ಬೇಗಂ ಅವರ ಮನೆ ಹುಡುಕಬೇಕಾಗಿರಲಿಲ್ಲ. ಶುಕ್ರವಾರ ನಮಾಜು ಮುಗಿದ ಮೇಲೆ ಯಾವ ಮನೆಯ ಮುಂದೆ ಹೆಚ್ಚು ಚಪ್ಪಲಿಗಳು ಬಿದ್ದಿರುತ್ತಿದ್ದವೋ ಅದೇ ಅವರ ಮನೆ. ಗಂಡ ಕೋರ್ಟಿನಲ್ಲಿ ಕಡತ ನೋಡುವ ಪೇಷ್ಕಾರರಾಗಿದ್ದವರು, ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದರು. ಹೊಲ ಮಾರಿ ಆಗಿತ್ತು. ಎರಡಂಕಣದ ಮನೆ, ಒಬ್ಬ ಮಗ ಚಾಂದ್ ಪಾಷಾ, ಒಬ್ಬ ಮಗಳು ಉಮ್ಮೇ ಕುಲ್ಸುಮ್, ಮತ್ತು ಅನ್ನ. ಅಷ್ಟೇ ಉಳಿದದ್ದು. ಆ ಅನ್ನ ತಿನ್ನಲಿಕ್ಕೆ ಗಂಡನ ಕಡೆಯ ನೆಂಟರು, ವಕೀಲರು, ಶಾಲೆಯ ಮಾಸ್ತರರು ತಮ್ಮ ತಮ್ಮ ಪಾಲಿನ ಮಾಂಸವನ್ನೋ ಸಕ್ಕರೆಯನ್ನೋ ಹಿಡಿದುಕೊಂಡೇ ಬರುತ್ತಿದ್ದರು. ಉದ್ದ ಅಕ್ಕಿ, ಬೆಂದ ಮೇಲೆ ಇನ್ನೂ ಉದ್ದ. ತಟ್ಟೆಗೆ ಸುರಿದರೆ ಒಂದು ಅಗಳು ಇನ್ನೊಂದಕ್ಕೆ ಅಂಟುತ್ತಿರಲಿಲ್ಲ. ಮಲ್ಲಿಗೆ ಮೊಗ್ಗು ಚೆಲ್ಲಿದ ಹಾಗೆ ಉದುರುತ್ತದೆ ಎಂದು ಒಬ್ಬ ವಕೀಲರು ಹೇಳಿದ್ದು ಓಣಿಯಲ್ಲೆಲ್ಲ ಹಬ್ಬಿತ್ತು.

ಕನಕಮ್ಮ ಆ ಮನೆಗೆ ಬಂದದ್ದು ಎಪ್ಪತ್ತಮೂರರಲ್ಲಿ, ಮದುವೆಯಾದ ಹೊಸದರಲ್ಲಿ. ದೇವದುರ್ಗದ ಕಡೆಯ ಹಳ್ಳಿಯವಳು. ಗಂಡ ಉರುಕುಂದಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲಿ. ಊರಿನ ಹೋಟೆಲಿನಲ್ಲಿ ಆಕೆಯ ಕೇರಿಯವರಿಗೆ ಬೇರೆ ಗ್ಲಾಸು ಇಡುತ್ತಿದ್ದ ಕಾಲ ಅದು. ರಜಿಯಾ ಬೇಗಂ ಮೊದಲ ದಿನವೇ ತಮ್ಮ ಮನೆಯ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕೊಟ್ಟರು. ಕನಕಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

"ಕುಡಿ ಬೇ, ಆರಿ ಹೋಗಾಕತ್ತದ," ಎಂದರು ಬೇಗಂ.

ಆ ಬಟ್ಟಲಿನ ಋಣ ಎಂದುಕೊಂಡೇ ಕನಕಮ್ಮ ಮುಂದಿನ ಹನ್ನೆರಡು ವರ್ಷ ಆ ಮನೆಯಲ್ಲಿ ದುಡಿದಳು. ಕಸ ಗುಡಿಸಿದಳು, ಬಟ್ಟೆ ಒಗೆದಳು, ಪಾತ್ರೆ ತಿಕ್ಕಿದಳು. ನಾಲ್ಕು ವರ್ಷದ ಕುಲ್ಸುಮ್‌ಳನ್ನು ಸೊಂಟದ ಮೇಲೆ ಹೊತ್ತು ತಿರುಗಿಸಿದಳು. ಒಲೆಯ ಹತ್ತಿರ ಮಾತ್ರ ಬೇಗಂ ಯಾರನ್ನೂ ಬಿಡುತ್ತಿರಲಿಲ್ಲ.

ಬಿಡಬೇಕಾಗಿ ಬಂದದ್ದು ಎಪ್ಪತ್ತೊಂಬತ್ತರಲ್ಲಿ. ಒಂದು ದಿನ ಬೇಗಂ ಅನ್ನ ಬಸಿಯುವಾಗ ಗಂಜಿಯ ಜೊತೆ ಅರ್ಧ ಅನ್ನವೂ ಬಚ್ಚಲಿಗೆ ಹೋಯಿತು. ಅವರಿಗೆ ಪಾತ್ರೆಯ ಅಂಚು ಕಂಡಿರಲಿಲ್ಲ. ಹೈದರಾಬಾದಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ನಿಧಾನಕ್ಕೆ ಪೂರ್ತಿ ಹೋಗುತ್ತದೆ ಎಂದರು. ಬೇಗಂ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನಕಮ್ಮನನ್ನು ಕೂಡಿಸಿಕೊಂಡರು.

"ಕಣ್ಣಿನ ಮಾತು ಹೊರಗ ಹೋಗಬಾರದು. ಕುಲ್ಸುಮ್ ಲಗ್ನ ಆಗಬೇಕು. ಕುರುಡಿ ಮಗಳು ಅಂತ ಯಾರೂ ಅನ್ನಬಾರದು."

"ನಾ ಯಾರಿಗಿ ಹೇಳಲಿ ಅಮ್ಮಾ?"

"ಇವತ್ತಿನಿಂದ ಒಲಿ ಮುಂದ ನೀ ಕೂಡು. ನಾ ಬಾಜೂಕ ಕೂತು ಹೇಳ್ತೀನಿ."

ಹಾಗೆ ಕಲಿಕೆ ಶುರುವಾಯಿತು. ಅಕ್ಕಿ ತೊಳೆಯುವಾಗ ಉಜ್ಜಬಾರದು, ನೀರಿನಲ್ಲಿ ಕೈಯಾಡಿಸಿ ಬಿಡಬೇಕು. ನೀರು ತಿಳಿಯಾಗುವ ತನಕ, ಐದು ಸಲವಾಗಲಿ ಆರು ಸಲವಾಗಲಿ. ಆಮೇಲೆ ಅರ್ಧ ತಾಸು ನೆನೆಯಬೇಕು. ನೆನೆದ ಅಕ್ಕಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಉಗುರಿನಿಂದ ಒತ್ತಿದರೆ ಮುರಿಯುತ್ತದೆ. ಕುದಿಯುವ ನೀರಿನಲ್ಲಿ ಒಂದು ಅಗಳು ತೆಗೆದು ಹಿಚುಕಿದರೆ ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು, ಆಗಲೇ ಬಸಿಯಬೇಕು. ಬಸಿದ ಮೇಲೆ ಕೆಂಡದ ಮೇಲೆ ಮುಚ್ಚಿಡಬೇಕು. ಕನಕಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವವಳು, ಅನ್ನ ಅಂದರೆ ಹಬ್ಬಕ್ಕೆ ಒಂದು ದಿನ ಮಾತ್ರ. ಆದರೂ ಕೈ ಬೇಗ ಕಲಿಯಿತು. ಮೊದಮೊದಲು ಬೇಗಂ ಪ್ರತಿ ಸಲ ಅಗಳನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಿದ್ದರು. ಒಂದು ವರ್ಷದ ಮೇಲೆ ನೋಡುವುದನ್ನು ಬಿಟ್ಟರು.

ಶುಕ್ರವಾರದ ಜನ ಬರುವುದು ನಿಲ್ಲಲಿಲ್ಲ. "ಬೇಗಂಸಾಹೇಬರ ಕೈಗೆ ದೃಷ್ಟಿ ತೆಗೆಯಬೇಕು," ಎನ್ನುತ್ತಿದ್ದರು. ಪರದೆಯ ಹಿಂದೆ ಕನಕಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದಳು. ಅವಳಿಗೆ ಆಗ ಕೆಟ್ಟೆನಿಸುತ್ತಿರಲಿಲ್ಲ. ಒಳಗೊಳಗೇ ನಗು ಬರುತ್ತಿತ್ತು, ಇಬ್ಬರೇ ಹಂಚಿಕೊಂಡ ಗುಟ್ಟು ಅದು ಎಂದು.

ಎಂಬತ್ತಮೂರರಲ್ಲಿ ಚಾಂದ್ ಪಾಷಾ ಕೆಲಸಕ್ಕಿದ್ದ ಜೆಡ್ಡಾದಿಂದ ರಜೆಗೆ ಬಂದವನು ದೊಡ್ಡ ರಟ್ಟಿನ ಡಬ್ಬಿ ಹೊತ್ತು ತಂದ. ಒಳಗೆ ಜಪಾನಿನ ಕರೆಂಟ್ ಕುಕ್ಕರು. ಬಿಳಿ ಹೊಟ್ಟೆ, ಕರಿ ಹಿಡಿಕೆ, ಮುಚ್ಚಳ ತಿರುವಿದರೆ ಕಟಕ್ ಎಂದು ಬಿಗಿಯುತ್ತಿತ್ತು. ಮೇಲೆ, ಎತ್ತಿದರೆ ಹಬೆ ಬಿಡುವ ಒಂದು ಪುಟ್ಟ ತೂಬು. ಓಣಿಯವರೆಲ್ಲ ಬಂದು ನೋಡಿಕೊಂಡು ಹೋದರು. ಚಾಂದ್ ಪಾಷಾ ಪುಸ್ತಕ ನೋಡಿ, ಅಕ್ಕಿ ಒಂದು ಲೋಟಕ್ಕೆ ನೀರು ಎರಡು ಲೋಟ ಎಂದು ಹೇಳಿ ಗುಂಡಿ ಒತ್ತಿದ. ಇಪ್ಪತ್ತು ನಿಮಿಷಕ್ಕೆ ತೆಗೆದು ನೋಡಿದರೆ ಒಳಗೆ ಅಂಬಲಿ.

ಬೇಗಂ ಬೆರಳು ಅದ್ದಿ ನೋಡಿ ನಕ್ಕುಬಿಟ್ಟರು. "ಇದು ಬಾಣಂತಿಗಿ ಕೊಡೋ ಗಂಜಿ. ಮಶೀನಿಗೆ ಏನು ಗೊತ್ತದ ಅನ್ನ ಅಂದ್ರ?"

ಮಗ ಮುಖ ಸಣ್ಣ ಮಾಡಿಕೊಂಡ. ತಿಂಗಳಾದ ಮೇಲೆ ಹೋದ. ಕುಕ್ಕರು ಅಡುಗೆಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತು.

ಕನಕಮ್ಮನಿಗೆ ಮಾತ್ರ ಅದನ್ನು ಬಿಡಲಾಗಲಿಲ್ಲ. ಇದ್ದಿಲು ಒಲೆಯ ಮುಂದೆ ಕೂತು ಅವಳಿಗೆ ಕೆಮ್ಮು ಹಿಡಿದಿತ್ತು. ಒಂದು ಬುಧವಾರ ಬೇಗಂ ಮಲಗಿದ್ದಾಗ ಒಂದು ಹಿಡಿ ಅಕ್ಕಿ ಹಾಕಿ ಗುಂಡಿ ಒತ್ತಿದಳು. ಒದ್ದೆ ಕೈಯಲ್ಲಿ ಮುಟ್ಟಿದ್ದಕ್ಕೆ ಭುಜದವರೆಗೂ ಝುಂ ಎಂದು ಹೊಡೆಯಿತು. ಮರುದಿನ ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಮುಟ್ಟಿದಳು. ಅನ್ನ ಮತ್ತೆ ಮುದ್ದೆಯಾಯಿತು. ಅವಳು ಅದನ್ನು ತಾನೇ ತಿಂದು ಯೋಚಿಸಿದಳು. ತೆರೆದ ಪಾತ್ರೆಯಲ್ಲಾದರೆ ನೀರು ಹಬೆಯಾಗಿ ಹೋಗುತ್ತದೆ. ಇಲ್ಲಿ ಮುಚ್ಚಳ ಬಿಗಿದ ಮೇಲೆ, ತೂಬು ಎತ್ತದ ಹೊರತು ಹಬೆ ಹೊರಗೆ ಹೋಗುವುದೇ ಇಲ್ಲ. ಹೋಗದ ನೀರನ್ನೆಲ್ಲ ಅಕ್ಕಿಯೇ ಕುಡಿಯಬೇಕು. ಹಾಗಾದರೆ ಅಷ್ಟು ನೀರು ಯಾಕೆ?

ಎರಡು ಲೋಟದಿಂದ ಒಂದೂವರೆಗೆ ಇಳಿಸಿದಳು. ಆಮೇಲೆ ಒಂದೂಕಾಲಿಗೆ. ನೆನೆದ ಅಕ್ಕಿಗೆ ಅದೇ ಸರಿ ಎಂದು ಗೊತ್ತಾಯಿತು. ಒಂದು ಚಮಚ ತುಪ್ಪ, ನಾಲ್ಕು ಹನಿ ನಿಂಬೆರಸ. ಗುಂಡಿಯ ದೀಪ ಆರಿದ ಕೂಡಲೇ ಮುಚ್ಚಳ ತೆಗೆದರೆ ಮೇಲಿನ ಅಗಳು ಒಡೆಯುತ್ತಿತ್ತು, ಹಾಗಾಗಿ ಹತ್ತು ನಿಮಿಷ ಅದನ್ನು ಅದರ ಪಾಡಿಗೆ ಬಿಡುವುದನ್ನು ಕಲಿತಳು. ಆಮೇಲೆ ತೂಬು ಎತ್ತಿ ಉಳಿದ ಹಬೆ ಬಿಡಬೇಕು, ಅಂಚಿನಿಂದ ಮೆಲ್ಲಗೆ ಎತ್ತಿ ಅಗಲ ತಟ್ಟೆಗೆ ಹರಡಬೇಕು. ಸಂಜೆ ಕರೆಂಟಿಗೆ ಜೀವ ಇರುತ್ತಿರಲಿಲ್ಲ. ಅದಕ್ಕೂ ಒಂದು ಉಪಾಯ ಕಂಡಳು. ಅಡುಗೆಮನೆಯ ಬಲ್ಬು ಬೆಳ್ಳಗೆ ಉರಿದರೆ ಕುಕ್ಕರು ಹಚ್ಚಬೇಕು, ಹಳದಿಯಾಗಿದ್ದರೆ ಕಾಯಬೇಕು.

ಒಂದು ಶುಕ್ರವಾರ ಹೇಳದೆ ಕೇಳದೆ ಅದರ ಅನ್ನವನ್ನೇ ಬಡಿಸಿದಳು. ಬಂದವರು ಎಂದಿನಂತೆ ಹೊಗಳಿದರು. ಬೇಗಂ ಉಂಡು ಕೈ ತೊಳೆದು, "ಇವತ್ತು ಅಕ್ಕಿ ಭಾಳ ಛಲೋ ಅರಳೇದ," ಎಂದರು.

"ಅಮ್ಮಾ, ಅದು ಮಶೀನಿಂದು."

ಬೇಗಂ ಕೈ ಒರೆಸಿಕೊಂಡರು. ಮುಖ ಕೆಂಪಾಯಿತು. ಕೊನೆಗೆ ಹೇಳಿದರು: "ಇದ್ದಿಲು ಒಲಿ ಆರಿಸಬ್ಯಾಡ. ಹೊಗಿ ಹೊರಗ ಹೋಗ್ತಿರಲಿ. ಜನಕ್ಕ ಹೇಳೂದು ಬ್ಯಾಡ."

ಅಂದಿನಿಂದ ಇದ್ದಿಲು ಒಲೆ ಸುಮ್ಮನೆ ಉರಿಯುತ್ತಿತ್ತು, ಅನ್ನ ಕುಕ್ಕರಿನಲ್ಲಿ ಆಗುತ್ತಿತ್ತು. ಗುಟ್ಟು ಒಂದಿದ್ದದ್ದು ಎರಡಾಯಿತು.

ಎಂಬತ್ತೈದರ ಚಳಿಗಾಲದಲ್ಲಿ ಕೃಷ್ಣಾ ನದಿಯ ದಿಕ್ಕಿಗೆ ಎದ್ದ ಒಂದು ಹೊಸ ಕಾರ್ಖಾನೆಯ ಇಂಜಿನಿಯರ್ ಸಾಹೇಬರು ವಕೀಲರ ಜೊತೆ ಊಟಕ್ಕೆ ಬಂದರು. ಲಖನೌ ಕಡೆಯವರು, ನಾಜೂಕು ಮಾತು. ಎರಡನೇ ತುತ್ತಿಗೇ ತಲೆ ಎತ್ತಿ ಕೇಳಿದರು: "ಇದನ್ನು ಮಾಡಿದ್ದು ಯಾರು?"

"ಈ ಮನೆಯಲ್ಲಿ ಇನ್ಯಾರಿದ್ದಾರೆ, ಸಾಹೇಬರೇ?" ಎಂದರು ಬೇಗಂ ಪರದೆಯ ಆಚೆಯಿಂದ.

"ತಮ್ಮನ್ನು ಕೇಳಬಾರದು, ಆದರೂ ಕೇಳುತ್ತೇನೆ. ನಮ್ಮ ಗೆಸ್ಟ್ ಹೌಸಿಗೆ ಒಬ್ಬ ಅಡುಗೆಯವರು ಬೇಕು. ಕಾಯಂ ನೌಕರಿ, ಇರಲು ಕ್ವಾರ್ಟರ್ಸು, ಮಕ್ಕಳಿಗೆ ಅಲ್ಲೇ ಶಾಲೆ. ತಾವು ಯಾರಿಗಾದರೂ ಈ ಕೆಲಸ ಕಲಿಸಿದ್ದರೆ ಹೇಳಿ. ಹೆಂಗಸಾದರೂ ಸರಿ, ಯಾವ ಜಾತಿಯಾದರೂ ಸರಿ. ನನಗೆ ಇಂಥ ಅನ್ನ ಬೇಕು."

ಕನಕಮ್ಮನ ಕೈಯಲ್ಲಿ ನೀರಿನ ಹೂಜಿ ಇತ್ತು. ಬೇಗಂ ಅವಳಿಂದ ಒಂದು ಮಾರು ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕನಕಮ್ಮನ ಇಬ್ಬರು ಮಕ್ಕಳು ಆಗ ಕೇರಿಯ ಗುಡಿಸಲಿನಲ್ಲಿ ಬೆಳೆಯುತ್ತಿದ್ದರು. ಉರುಕುಂದಪ್ಪನ ಮಿಲ್ಲು ವಾರಕ್ಕೆ ಮೂರು ದಿನ ಮುಚ್ಚಿರುತ್ತಿತ್ತು.

"ನಾನು ಯಾರಿಗೂ ಕಲಿಸಿಲ್ಲ," ಎಂದರು ಬೇಗಂ.

"ಒಳಗೆ ಯಾರೋ ಹೆಂಗಸು ಓಡಾಡುತ್ತಿದ್ದಂತಿತ್ತು."

"ಅವಳಾ? ಪಾತ್ರೆ ತಿಕ್ಕುವವಳು. ಅಕ್ಕಿಗೂ ನುಚ್ಚಿಗೂ ಫರಕು ತಿಳಿಯದವಳು, ಪಾಪ."

ಹೊರಗೆ ಎಲ್ಲರೂ ನಕ್ಕರು. ಕನಕಮ್ಮ ಹೂಜಿಯನ್ನು ಕೆಳಗಿಟ್ಟಳು. ಅವಳಿಗೆ ಉರ್ದು ಚೆನ್ನಾಗಿಯೇ ತಿಳಿಯುತ್ತಿತ್ತು.

ಅತಿಥಿಗಳು ಹೋದ ಮೇಲೆ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಆಮೇಲೆ ಬೇಗಂ ಮುಂದೆ ಹೋಗಿ ನಿಂತಳು.

"ಯಾಕ ಅಮ್ಮಾ ಹಂಗ ಅಂದ್ರಿ?"

"ಏನಂದೆ?"

"ನಂಗ ಅಕ್ಕಿ, ನುಚ್ಚು ತಿಳಿಯಂಗಿಲ್ಲೇನ್ರಿ?"

ಬೇಗಂ ಗೋಡೆಯ ಕಡೆಗೆ ಮುಖ ತಿರುಗಿಸಿದರು. "ನೀ ಹೋದ್ರ ನಂಗ ಯಾರಿದ್ದಾರ? ಹೇಳು. ಶುಕ್ರವಾರ ಈ ಮನಿಗೆ ಯಾರು ಬರ್ತಾರ? ಕುಲ್ಸುಮ್‌ಗೆ ಗಂಡು ಕೇಳಾಕ ಯಾರು ಬರ್ತಾರ? ನಂಗ ಉಳಿದದ್ದು ಅದೊಂದು ಹೆಸರು."

"ನನ್ನ ಮಕ್ಕಳು ಸಾಲಿಗಿ ಹೋಗ್ತಿದ್ದು, ಅಮ್ಮಾ."

ಬಾಗಿಲ ಬಳಿ ಹದಿನಾರರ ಕುಲ್ಸುಮ್ ನಿಂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ದುಪಟ್ಟಾ ಸರಿಮಾಡಿಕೊಂಡು ಒಳಗೆ ಹೋದಳು.

ವಿಷಯ ಕೇಳಿ ಉರುಕುಂದಪ್ಪ ಬಾಯಿ ಮಾಡಿದ. "ಹನ್ನೆರಡು ವರ್ಷ ಅಮ್ಮಾ ಅಮ್ಮಾ ಅಂತ ಸತ್ತಿ. ನಡಿ, ನಾವೇ ಹೋಗಿ ಕೇಳೂನು." ಮರುದಿನ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಇಂಜಿನಿಯರ್ ಸಾಹೇಬರ ಆಫೀಸಿಗೆ ಹೋದರು. ಹೊರಗೆ ಮೂರು ತಾಸು ಕೂತ ಮೇಲೆ ಒಳಗೆ ಕರೆದರು. ಸಾಹೇಬರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮಾ, ಬೇಗಂಸಾಹೇಬರು ನಿನ್ನೆ ಬೇರೆಯೇ ಹೇಳಿದರು. ನಾನು ಯಾರನ್ನು ನಂಬಲಿ?"

"ಇಲ್ಲೇ ಅಕ್ಕಿ ಕೊಡ್ರಿ ಸಾಹೇಬ್ರ. ಇಲ್ಲೇ ಮಾಡಿ ತೋರಿಸ್ತೀನಿ."

ಅವರು ತುಸು ಯೋಚಿಸಿದರು. "ನೀನು ಮಾಡಿದರೂ ಮಾಡಬಹುದು. ಆದರೆ ದೊಡ್ಡವರ ಮನೆಯ ಕೆಲಸದವಳನ್ನು ಅವರನ್ನು ಕೇಳದೆ ಕರೆದುಕೊಂಡೆ ಅನ್ನುವ ಮಾತು ನನಗೆ ಬೇಡ. ಒಂದು ಸಾಲು ಬರೆಸಿಕೊಂಡು ಬಾ ಅವರಿಂದ. ಈ ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಡುತ್ತೇನೆ."

ಒಂದು ಸಾಲು. ಕನಕಮ್ಮ ಅದನ್ನು ಬಾಯಲ್ಲೇ ಉರು ಹೊಡೆಯುತ್ತ ಬಂದಳು: ಈಕೆಗೆ ಅನ್ನ ಮಾಡಲು ಬರುತ್ತದೆ, ನಾನೇ ಕಲಿಸಿದ್ದೇನೆ. ಕುಲ್ಸುಮ್ ಬರೆದರೆ ಸಾಕು, ಬೇಗಂ ಸಹಿ ಹಾಕಿದರೆ ಸಾಕು.

ಬೇಗಂ ಇಲ್ಲವೆನ್ನಲಿಲ್ಲ. "ಆಗಲಿ, ನಾಳಿ ಬರಸೂನು," ಎಂದರು. ಮರುದಿನ ತಲೆನೋವು. ಶುಕ್ರವಾರ ಆಗಲಿ ಎಂದರು. ಶುಕ್ರವಾರ ಜನ ಬಂದರು, ಕನಕಮ್ಮ ಅನ್ನ ಮಾಡಿದಳು. ಆಮೇಲೆ ಪೆನ್ನಿನಲ್ಲಿ ಮಸಿ ಇಲ್ಲ. ಕನಕಮ್ಮ ಪೆನ್ನು ತಂದಳು. ಕುಲ್ಸುಮ್‌ಗೆ ಪರೀಕ್ಷೆ. "ಅಮ್ಮಾ, ಇನ್ನ ಆರು ದಿನ ಉಳಿದಾವು," ಎಂದಳು. "ಅವಸರ ಮಾಡಬ್ಯಾಡ ಬೇ, ನಾ ಏನು ಓಡಿ ಹೋಗಾಕತ್ತೀನೇನು," ಎಂದರು ಬೇಗಂ. ಇಲ್ಲ ಎಂದಿದ್ದರೆ ಅವಳು ಅಂದೇ ಜಗಳ ಮಾಡಿ ಹೊರಗೆ ಬಿದ್ದಿರುತ್ತಿದ್ದಳು. ಹೂಂ ಎಂದದ್ದಕ್ಕೆ ದಿನಾ ಬೆಳಗ್ಗೆ ಹೋಗಿ, ದಿನಾ ಅನ್ನ ಮಾಡಿ, ದಿನಾ ಕಾದಳು.

ತಿಂಗಳು ಮುಗಿಯಿತು. ಗೆಸ್ಟ್ ಹೌಸಿಗೆ ಗುಂತಕಲ್ಲಿನ ಕಡೆಯ ಯಾರೋ ಬಂದು ಸೇರಿದರೆಂದು ವಕೀಲರೇ ಊಟದ ನಡುವೆ ಹೇಳಿದರು. ಕನಕಮ್ಮ ಆ ದಿನದ ಕೆಲಸ ಪೂರ್ತಿ ಮಾಡಿದಳು. ಕುಕ್ಕರನ್ನು ಒರೆಸಿ ಬಟ್ಟೆ ಹೊದಿಸಿದಳು.

"ನಾಳಿಂದ ಬರಂಗಿಲ್ರಿ," ಎಂದಳು.

ಬೇಗಂ ಅವಳ ಕೈ ಹುಡುಕಿದರು. ಕನಕಮ್ಮ ಕೈ ಕೊಡದೆ ಚಪ್ಪಲಿ ಮೆಟ್ಟಿಕೊಂಡಳು.

ಮುಂದಿನ ಬೇಸಿಗೆಗೆ ಜಿನ್ನಿಂಗ್ ಮಿಲ್ಲು ಪೂರ್ತಿ ಮುಚ್ಚಿತು. ಸಂಸಾರ ಮಾನ್ವಿಗೆ ಬಂತು. ಅಲ್ಲಿ ಕಾಲುವೆ ನೀರು ಬಂದು ಭತ್ತ ಜೋರಾಗಿತ್ತು, ಅಕ್ಕಿ ಗಿರಣಿಗಳು ಎದ್ದಿದ್ದವು. ಉರುಕುಂದಪ್ಪ ಗಿರಣಿಯಲ್ಲಿ ಚೀಲ ಹೊರುವುದಕ್ಕೆ ಸೇರಿದ. ಕನಕಮ್ಮ ಅಂಗಳದಲ್ಲಿ ಮೊರ ಹಿಡಿದು ಅಕ್ಕಿಯಿಂದ ನುಚ್ಚು ಕೇರಿ ಬೇರೆ ಮಾಡುವ ಹೆಂಗಸರ ಸಾಲಿನಲ್ಲಿ ಕೂತಳು. ಮೊದಲ ದಿನ ಮೊರದಲ್ಲಿ ನುಚ್ಚು ಹಾರುವಾಗ ಬೇಗಂ ಮಾತು ನೆನಪಾಗಿ ಮೊರ ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಬದಿಯಲ್ಲಿದ್ದವಳು ಧೂಳು ಎಂದುಕೊಂಡು ನೀರು ಕೊಟ್ಟಳು.

ಎರಡು ವರ್ಷ ಕಳೆಯಿತು. ಎಂಬತ್ತೆಂಟರ ಒಂದು ಮಧ್ಯಾಹ್ನ ಗಿರಣಿಯ ಗೇಟಿನಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬಳು ಕನಕಮ್ಮನನ್ನು ಕೇಳಿಕೊಂಡು ಬಂದಳು. ಚಾಂದ್ ಪಾಷಾನನ್ನು ಮದುವೆಯಾಗಿ ಆ ಮನೆಗೆ ಬಂದ ಗುಲ್ಶನ್ ಬೇಗಂ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

"ಅತ್ತೆಗೆ ಈಗ ಪೂರ್ತಿ ಕಾಣಂಗಿಲ್ಲ," ಎಂದಳು ಗುಲ್ಶನ್. "ಕುಲ್ಸುಮ್‌ಗೆ ಹೈದರಾಬಾದಿನ ಸಂಬಂಧ ಕೂಡಿ ಬಂದದ. ಮುಂದಿನ ಐತವಾರ ಅವರ ಮನಿ ಹೆಂಗಸರು ಬರಾಕತ್ತಾರ. ಅನ್ನದ ಹೆಸರು ಕೇಳಿಯೇ ಬರಾಕತ್ತಾರ. ನೀ ಬಿಟ್ಟ ಮ್ಯಾಲ ಶುಕ್ರವಾರದ ಊಟ ನಿಂತದ. ನಾ ಆ ಕುಕ್ಕರಿನಾಗ ಎಷ್ಟು ಸಲ ಮಾಡಿದ್ರೂ ಮುದ್ದಿ ಆಗ್ತದ. ಒಂದ ದಿನ ಬಾ, ಅಕ್ಕಾ."

ಕನಕಮ್ಮ ಮೊರ ಕೆಳಗಿಟ್ಟಳು. ಬಹಳ ದಿನದಿಂದ ಸಿದ್ಧ ಮಾಡಿಟ್ಟ ಮಾತಿನಂತೆ ಹೇಳಿದಳು: "ಬರ್ತೀನಿ. ಆದ್ರ ಬಂದವರ ಮುಂದ, ಅಮ್ಮಾ ತಮ್ಮ ಬಾಯಿಂದ ಹೇಳಬೇಕು. ಅನ್ನ ಕನಕಮ್ಮ ಮಾಡ್ತಿದ್ಳು, ನಾ ಅಲ್ಲ ಅಂತ. ಮತ್ತೇನೂ ಬ್ಯಾಡ ನಂಗ. ಕೂಲಿ ಬ್ಯಾಡ, ಸೀರಿ ಬ್ಯಾಡ."

ಗುಲ್ಶನ್ ಹಿಂದಿರುಗಿ ಹೋಗಿ ಎರಡು ದಿನದ ಮೇಲೆ ಮತ್ತೆ ಬಂದಳು. "ಅತ್ತೆ ಒಪ್ಪ್ಯಾರ. ಕಣ್ಣೀರು ಹಾಕ್ಯಾರ. ನಂದು ತಪ್ಪಾಗೇದ, ಹೇಳ್ತೀನಿ ಅಂದಾರ."

ಉರುಕುಂದಪ್ಪ, "ಈಗ ಹೇಳಿದ್ರೇನು, ನೌಕರಿ ಬರ್ತದೇನು?" ಎಂದ. "ನೌಕರಿ ಸಲುವಾಗಿ ಅಲ್ಲ," ಎಂದಳು ಕನಕಮ್ಮ. ಯಾತರ ಸಲುವಾಗಿ ಎಂದು ಅವನು ಕೇಳಲಿಲ್ಲ, ಕೇಳಿದ್ದರೂ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಹೊರಟು ರಾಯಚೂರು ಸೇರಿದಳು. ಬೇಗಂ ಮಂಚದ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೆಜ್ಜೆಯ ಸಪ್ಪಳಕ್ಕೇ "ಕನಕಾ?" ಎಂದರು. ಕನಕಮ್ಮ "ಹೂಂನ್ರಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಕುಕ್ಕರಿನ ಹೊಟ್ಟೆ ಹಳದಿಯಾಗಿತ್ತು, ಹಿಡಿಕೆ ಸುಟ್ಟಿತ್ತು. ಹುಣಸೆಹಣ್ಣು ಹಚ್ಚಿ ಒಳಪಾತ್ರೆ ತಿಕ್ಕಿ, ತೂಬಿನಲ್ಲಿ ಕಟ್ಟಿಕೊಂಡಿದ್ದ ಹಳೆಯ ಗಂಜಿಯನ್ನು ಕಡ್ಡಿಯಿಂದ ತೆಗೆದಳು.

ಅಕ್ಕಿ ತೊಳೆಯುವಾಗ ಕೈಗೆ ಹಳೆಯದೆಲ್ಲ ತಾನಾಗಿ ಬಂತು. ಆರು ನೀರಿಗೆ ತಿಳಿಯಾಯಿತು. ನೆನೆಯಲು ಇಟ್ಟು ಬಲ್ಬು ನೋಡಿದಳು, ಬೆಳ್ಳಗಿತ್ತು. ಗುಲ್ಶನ್ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ನೀರು ಇಷ್ಟ ಸಾಕೇನಕ್ಕಾ?" ಎಂದು ಬೆರಗಾದಳು. ಕನಕಮ್ಮ ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟಳು, ಬಚ್ಚಿಡಬೇಕೆಂದು ಅನಿಸಲೇ ಇಲ್ಲ. ಗುಂಡಿ ಆರಿದಾಗ ಗುಲ್ಶನ್ ಮುಚ್ಚಳಕ್ಕೆ ಕೈ ಹಾಕಿದಳು. ಕನಕಮ್ಮ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ತಡಿ. ಅದು ಇನ್ನೂ ಒಳಗ ಕೆಲಸ ಮಾಡಾಕತ್ತದ." ಹತ್ತು ನಿಮಿಷದ ಮೇಲೆ ತೆರೆದಾಗ ಅಗಳುಗಳು ನೆಟ್ಟಗೆ ನಿಂತಿದ್ದವು. ನಾಲ್ಕು ಸಲ ಹಾಗೆ ಬೇಯಿಸಿ ಅಗಲ ತಾಟುಗಳಲ್ಲಿ ಹರಡಿದಳು.

ಹೈದರಾಬಾದಿನಿಂದ ಹದಿನಾಲ್ಕು ಹೆಂಗಸರು ಬಂದಿದ್ದರು. ವರನ ದೊಡ್ಡಮ್ಮ ಅಕ್ಬರಿ ಬೇಗಂ ಅವರ ಮಾತೇ ಅವರಲ್ಲಿ ನಡೆಯುತ್ತದೆ ಎಂದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಅವರು ಅನ್ನವನ್ನು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಸುಭಾನಲ್ಲಾ," ಎಂದರು. ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡಿದರು. ಕಣ್ಣು ಹೋದ ಮೇಲೂ ಇಂಥ ಕೈಯೇ ಎಂದು ಒಬ್ಬಾಕೆ ಕಣ್ಣು ಒರೆಸಿಕೊಂಡಳು.

ರಜಿಯಾ ಬೇಗಂ ಕೈ ಎತ್ತಿದರು. ಮಾತು ನಿಂತಿತು.

"ಕನಕಾ, ಇಲ್ಲಿ ಬಾ."

ಕನಕಮ್ಮ ಪರದೆ ಸರಿಸಿ ಬಂದು ನಿಂತಳು. ಬೇಗಂ ಅವಳ ಕೈ ಹಿಡಿದುಕೊಂಡರು.

"ಇದು ನನ್ನ ಅನ್ನ ಅಲ್ಲ. ಇವಳದು. ಇವತ್ತಿನದಷ್ಟೇ ಅಲ್ಲ. ನನ್ನ ಕಣ್ಣು ಹೋಗೋಕೆ ಶುರುವಾದಾಗಿನಿಂದ ಎಲ್ಲ ಇವಳೇ ಮಾಡಿದ್ದು. ಕೊನೆಕೊನೆಗೆ ಕೆಂಡದ ಮೇಲೂ ಅಲ್ಲ, ಮಗ ತಂದ ಮಶೀನಿನಲ್ಲಿ. ನಾನು ಸುಳ್ಳು ಹೇಳಿಕೊಂಡು ಬಂದೆ. ಇವಳಿಗೆ ಬರಬೇಕಿದ್ದ ನೌಕರಿಯನ್ನೂ ನಾನು ತಪ್ಪಿಸಿದೆ."

ಕನಕಮ್ಮ ತಲೆ ಎತ್ತಿ ನಿಂತಿದ್ದಳು. ಕಿವಿ ಬಿಸಿಯಾಗಿತ್ತು.

ಆಮೇಲೆ ಅಕ್ಬರಿ ಬೇಗಂ ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ನೋಡಿದಿರಾ? ಇದಕ್ಕೆ ಖಾನ್‌ದಾನು, ದೊಡ್ಡ ಮನೆತನ ಅನ್ನುವುದು. ತನ್ನ ಹೆಸರನ್ನು ಎತ್ತಿ ಮನೆಯ ಕೆಲಸದವಳ ಮಡಿಲಿಗೆ ಹಾಕುವ ಮನಸ್ಸು ಇವತ್ತು ಯಾರಿಗಿದೆ?"

"ಅಲ್ಲ, ನಾನು ನಿಜ ಹೇಳುತ್ತಿದ್ದೇನೆ," ಎಂದರು ರಜಿಯಾ ಬೇಗಂ.

"ಗೊತ್ತು ತಂಗಿ, ಗೊತ್ತು. ಹೊಗಳಿದರೆ ನಿಮಗೆ ಸಂಕೋಚ." ಅಕ್ಬರಿ ಬೇಗಂ ನಕ್ಕರು. ಉಳಿದವರೂ ನಕ್ಕರು. "ಮಶೀನಿನಲ್ಲಿ ಇಂಥ ಅನ್ನ ಆಗುತ್ತದಂತೆ! ನಮ್ಮ ಮನೆಯಲ್ಲೂ ದುಬೈನಿಂದ ಬಂದ ಮಶೀನಿದೆ, ಅದರಲ್ಲಿ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ?"

"ಅಲ್ಲಾನ ಆಣೆ..." ಎಂದು ರಜಿಯಾ ಬೇಗಂ ಮತ್ತೆ ಬಾಯಿ ತೆರೆದರು.

"ಆಣೆ ಯಾಕೆ? ಇಂಥ ತಾಯಿಯ ಮಗಳು ನಮ್ಮ ಮನೆಗೆ ಬರುವುದು ನಮ್ಮ ಭಾಗ್ಯ." ಅಕ್ಬರಿ ಬೇಗಂ ಎದ್ದು ಬಂದು ರಜಿಯಾ ಬೇಗಂ ಅವರ ಇನ್ನೊಂದು ಕೈಯನ್ನು ತೆಗೆದು ಕಣ್ಣಿಗೊತ್ತಿಕೊಂಡರು.

ಕನಕಮ್ಮ ಕುಲ್ಸುಮ್ ಕಡೆ ನೋಡಿದಳು. ಅವಳು ಒಂದು ಮಾತು ಹೇಳಬಹುದಿತ್ತು. ಮದುಮಗಳ ದುಪಟ್ಟಾದ ಒಳಗೆ ಅವಳ ತಲೆ ಬಗ್ಗಿತ್ತು, ಬಗ್ಗಿಯೇ ಇತ್ತು. ಗುಲ್ಶನ್ ಬಾಗಿಲಲ್ಲಿ ನಿಂತವಳು ನೆಲ ನೋಡಿದಳು. ಆಮೇಲೆ ಕನಕಮ್ಮ ರಜಿಯಾ ಬೇಗಂ ಮುಖ ನೋಡಿದಳು. ಅಲ್ಲಿ ಮೊದಲು ನಾಚಿಕೆ ಇತ್ತು. ಅದು ಮೆಲ್ಲಗೆ ಸಡಿಲವಾಯಿತು. ತುಟಿಯ ತುದಿಯಲ್ಲಿ ಬಹಳ ಹಳೆಯ, ಶುಕ್ರವಾರದ ಮಧ್ಯಾಹ್ನಗಳ ನಗು ಬಂತು. ಅವರು ಹಿಡಿದಿದ್ದ ಕೈ ಬಿಟ್ಟರು.

"ಹೋಗವ್ವಾ," ಎಂದರು ಅಕ್ಬರಿ ಬೇಗಂ ಕನಕಮ್ಮನಿಗೆ, ಪ್ರೀತಿಯಿಂದಲೇ. "ಕೈ ತೊಳೆಯೋಕೆ ನೀರು ತಾ."

ಕನಕಮ್ಮ ತಂದಳು. ತಾಮ್ರದ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಹೂಜಿಯಿಂದ ಒಬ್ಬೊಬ್ಬರ ಬೆರಳ ಮೇಲೂ ನೀರು ಬಿಟ್ಟಳು. ಹದಿನಾಲ್ಕು ಜನಕ್ಕೂ. ಕುಲ್ಸುಮ್‌ಳ ಕೈಗೂ. ಬೇಗಂ ಸರದಿ ಬಂದಾಗ ಅವರು ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ, "ನಾ ಹೇಳಿದೆನಲ್ಲ ಬೇ, ಹೇಳಲಿಲ್ಲೇನು?" ಎಂದರು.

"ಹೇಳಿದ್ರಿ," ಎಂದಳು ಕನಕಮ್ಮ.

ಗುಲ್ಶನ್ ಬಸ್ ಸ್ಟ್ಯಾಂಡಿನವರೆಗೂ ಬಂದಳು. ದಾರಿಯುದ್ದಕ್ಕೂ ಅಳುತ್ತಿದ್ದಳು. ಮಾನ್ವಿಯ ಬಸ್ಸು ಹೊರಡುವಾಗ ಕಿಟಕಿ ಹಿಡಿದುಕೊಂಡು, "ನಂಗ ಗೊತ್ತದ ಅಕ್ಕಾ, ಅನ್ನ ನಿಂದ," ಎಂದಳು. ಕನಕಮ್ಮ ತಲೆ ಆಡಿಸಿದಳು. ಅವಳು ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅಷ್ಟು ಅನ್ನ ಮಾಡಿದ ಮನೆಯಲ್ಲಿ ಊಟ ಮಾಡು ಎಂದು ಯಾರಿಗೂ ನೆನಪಾಗಿರಲಿಲ್ಲ, ಅವಳಿಗೂ.

ಕುಲ್ಸುಮ್ ಮದುವೆ ಚೆನ್ನಾಗಿ ಆಯಿತಂತೆ. ಅದಾದ ಮುಂದಿನ ವರ್ಷ ರಜಿಯಾ ಬೇಗಂ ತೀರಿಕೊಂಡರೆಂದು ಚೀಲ ಹೇರಲು ಬಂದ ರಾಯಚೂರಿನ ಲಾರಿಯವನು ಗಿರಣಿಯಲ್ಲಿ ಹೇಳಿದ. "ಏನ್ ಅನ್ನ ಮಾಡ್ತಿದ್ರಂತ ಆ ಅಮ್ಮ," ಎಂದೂ ಸೇರಿಸಿದ. ಉರುಕುಂದಪ್ಪ ಹೆಂಡತಿಯ ಮುಖ ನೋಡಿ, "ಹೋಗಿ ಬರ್ತೀಯೇನು?" ಎಂದ.

ಕನಕಮ್ಮನಿಗೆ ಬೇಗಂ ಮೇಲೆ ಮೊದಲಿನ ಸಿಟ್ಟು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ಆ ಮುದುಕಿ ಎಲ್ಲರ ಮುಂದೆ ನಿಜ ಹೇಳಿದ್ದಳು, ಆಣೆ ಇಡಲೂ ಹೋಗಿದ್ದಳು. ಹೇಳದೆ ಇದ್ದಿದ್ದರೆ ಇವಳು ಸಾಯುವವರೆಗೂ ಶಪಿಸಿ ಹಗುರಾಗಬಹುದಿತ್ತು. ಈಗ ಅದಕ್ಕೂ ದಾರಿ ಇರಲಿಲ್ಲ. ತಪ್ಪು ಒಪ್ಪಿಕೊಂಡಿದ್ದಾಗಿತ್ತು, ಕೇಳಿದ್ದು ಕೊಟ್ಟಾಗಿತ್ತು, ಆದರೂ ಕೈಗೆ ಏನೂ ಬಂದಿರಲಿಲ್ಲ.

"ಬ್ಯಾಡ," ಎಂದಳು. "ಹೋಗಿ ಯಾರಿಗಿ ಏನು ಹೇಳಲಿ?"

ಲಾರಿಯವನು ಹಗ್ಗ ಬಿಗಿಯುತ್ತಿದ್ದ. ಅವಳು ಸಾಲಿಗೆ ಹಿಂದಿರುಗಿ ಮೊರ ಎತ್ತಿಕೊಂಡಳು. ಆ ದಿನ ಗಾಳಿ ಜೋರಿತ್ತು, ನುಚ್ಚೆಲ್ಲ ಮುಖಕ್ಕೇ ಬಡಿಯುತ್ತಿತ್ತು.